ಕಪ್ಪು ಕಂಡರೆ ಖುಷಿಪಡುವ ಅತ್ತಿಗೆ

ನಮ್ಮ ಅತ್ತಿಗೆ ಯಾರದಾದರೂ ಮುಖ ನೋಡಿ ಮಾತಾಡಿದ್ದನ್ನು ನಾನಂತೂ ಕಂಡವನಲ್ಲ. ಅವರ ಕಣ್ಣು ಯಾವಾಗಲೂ ಎದುರಿಗಿದ್ದವರ ಎದೆಯ ಮೇಲೆ! ತಪ್ಪು ತಿಳಿಯಬೇಡಿ, ಉಸಿರು ಸಲೀಸಾಗಿ ಹೋಗಿ ಬರುತ್ತಿದೆಯೇ ಎಂಬ ವಿಚಾರಣೆ ಅದು. ಅವರು ಮದುವೆಯಾಗಿ ಬಾಳೂರಿಗೆ ಬಂದ ಹೊಸತರಲ್ಲಿ ನಮ್ಮ ತೋಟದ ಲೆಕ್ಕ ಬರೆಯುವ ಎಸ್ಟೇಟ್ ರೈಟರು ಈ ನೋಟಕ್ಕೆ ಬೆದರಿ ಅಂಗಿಯ ಗುಂಡಿಗಳನ್ನೆಲ್ಲ ಕುತ್ತಿಗೆಯವರೆಗೂ ಹಾಕಿಕೊಂಡರು. ಪಾಪ, ಇವತ್ತಿಗೂ ನಮ್ಮ ಮೆಟ್ಟಿಲು ಹತ್ತುವಾಗ ಅವರ ಕೈ ಮೊದಲು ಹೋಗುವುದು ಗುಂಡಿಗೇ.

ಅತ್ತಿಗೆಗೆ ಮಂಗಳೂರಿನ ಲ್ಯಾಬೊಂದರಲ್ಲಿ ಕೆಲಸ. ಶ್ವಾಸಕೋಶದ ಕಾಯಿಲೆಯ ಇಲಿಗಳನ್ನು ಬೆಚ್ಚಗೆ ಸುತ್ತಿ, ಎಂಆರ್‌ಐ ಮಿಷಿನ್ನಿನಲ್ಲಿ ಮಲಗಿಸಿ, ಕಾಯಿಲೆ ಎಲ್ಲಿದೆ ಎಷ್ಟಿದೆ ಎಂದು ನೋಡುವುದು. ಮೊದಲೆಲ್ಲ ಇದಕ್ಕೆ ಇಲಿಯನ್ನೇ ಕೊಯ್ಯಬೇಕಿತ್ತಂತೆ. ಎಂಆರ್‌ಐಗೆ ನಾವು ಚಿಕ್ಕಮಗಳೂರಿಗೆ ಹೋಗಿ ಸರದಿ ಕಾಯಬೇಕು. ಇಲಿಗಳ ಭಾಗ್ಯ ನೋಡಿ!

ಒಮ್ಮೆ ಸಿಪ್ಪೆ ಸುಲಿದು ಒಣಗಿಸಿಟ್ಟ ಪಾರ್ಚ್‌ಮೆಂಟ್ ಕಾಫಿಯ ಮೂಟೆ ಕಡಿಯುತ್ತಿದ್ದ ಇಲಿ ಬೋನಿಗೆ ಬಿತ್ತು. ನಾನು ದೊಣ್ಣೆ ತರುವಷ್ಟರಲ್ಲಿ ಅತ್ತಿಗೆ ಬೋನಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. "ಉಸಿರಾಟ ಫಸ್ಟ್‌ಕ್ಲಾಸ್ ಉಂಟು ಮಾರಾಯ!" ಎಂದು ಸರ್ಟಿಫಿಕೇಟ್ ಕೊಟ್ಟು ತೋಟಕ್ಕೆ ಬಿಟ್ಟೇಬಿಟ್ಟರು. ಹೇಳಿದ್ದು ನಿಜವೇ ಇರಬೇಕು, ಮಾರನೆಯ ದಿನವೇ ಇನ್ನೊಂದು ಮೂಟೆ ತೂತಾಗಿತ್ತು.

ಅತ್ತಿಗೆ ಲ್ಯಾಪ್‌ಟಾಪಿನಲ್ಲಿ ಇಲಿಯ ಶ್ವಾಸಕೋಶದ ಚಿತ್ರ ತೋರಿಸಿದಾಗ ಅಮ್ಮ ಕನ್ನಡಕ ಒರೆಸಿ ಒರೆಸಿ ನೋಡಿದರು.

"ಎಂಥದೂ ಕಾಣ್ತಿಲ್ವಲ್ಲೇ, ಬರೀ ಕಪ್ಪು."

"ಅದೇ ಚಂದ ಅತ್ತೆ! ಒಳಗೆ ಗಾಳಿ ತುಂಬಿದ್ರೆ ಕಪ್ಪು. ಬೆಳ್ಳಗೆ ಕಂಡ್ರೆ ಅಲ್ಲಿ ನೀರೋ ಊತವೋ ಇದೆ ಅಂತ."

"ಎಂಥದೂ ಕಾಣದೇ ಇರ್ಲಿ ಅಂತ ಅಷ್ಟು ದೊಡ್ಡ ಮಿಷಿನ್ನೇನೇ?"

ನಾನೂ ಅಣ್ಣನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಈ ಸಲ ಮಳೆಗಾಲದಲ್ಲಿ ಹಿಡಿದ ಅಮ್ಮನ ಕೆಮ್ಮು ಕಾಫಿ ಕೊಯ್ಲು ಶುರುವಾದರೂ ಬಿಡಲಿಲ್ಲ. ಅಮ್ಮನ ತಾಯಿ ಹೋದದ್ದೂ ಇಂಥದೇ ಕೆಮ್ಮಿನಲ್ಲಿ. ಆ ಭಯಕ್ಕೇ ಅಮ್ಮ ಕಷಾಯ ಕುಡಿಯುತ್ತಾ ಆಸ್ಪತ್ರೆಯ ಮಾತೆತ್ತಲು ಬಿಡುತ್ತಿರಲಿಲ್ಲ. ಊರಿಗೆ ಬಂದ ಅತ್ತಿಗೆ ಅಮ್ಮನ ಎದೆಯನ್ನೇ ನೋಡುತ್ತಾ ಬಹಳ ಹೊತ್ತು ಕೂತರು. ಆಮೇಲೆ ತಲೆಯೆತ್ತಿ ಮುಖ ನೋಡಿದರು. ನನಗೆ ಹೆದರಿಕೆಯಾದದ್ದು ಆಗಲೇ.

"ನಾಳೆ ಚಿಕ್ಕಮಗಳೂರಿಗೆ ಹೋಗಿ ಸ್ಕ್ಯಾನ್ ಮಾಡಿಸಣ ಅತ್ತೆ."

"ನಿನ್ನ ಇಲಿ ಹಂಗೆ ನಾನು ಮಲಗೋಲ್ಲ!"

ಮಲಗಿದರು. ಮಲಗುವ ಮುಂಚೆ ಅತ್ತಿಗೆ ಅವರ ಪಾದಗಳನ್ನು ಉಜ್ಜಿ ಉಜ್ಜಿ ಬೆಚ್ಚಗೆ ಮಾಡಿ, ತಮ್ಮ ಶಾಲನ್ನೇ ಸುತ್ತಿದ್ದರು. ಮಿಷಿನ್ನು ಬೇರೆಯದಾದರೂ ಇಲ್ಲೂ ಕಪ್ಪೇ ಒಳ್ಳೆಯದು ಎಂದು ನನಗೆ ಪಿಸುಗುಟ್ಟಿ, ಡಾಕ್ಟರ ಜೊತೆ ಪರದೆಯ ಮುಂದೆ ನಿಂತರು.

ಅಮ್ಮ ಹೊರಗೆ ಬಂದು ಕೇಳಿದರು, "ಎಂಥ ಕಾಣ್ತೇ?"

"ಎಂಥದೂ ಕಾಣ್ಲಿಲ್ಲ ಅತ್ತೆ. ಬರೀ ಕಪ್ಪು. ಕೆಮ್ಮು ಗಂಟಲಿಂದಂತೆ." ಅಷ್ಟು ಹೇಳಿ ಅತ್ತಿಗೆ ಅಲ್ಲೇ ಬೆಂಚಿನ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅಳತೊಡಗಿದರು.

"ಅಯ್ಯೋ ಮಾರಾಯ್ತಿ! ಇಲಿಗೂ ಹಿಂಗೇ ಅಳ್ತೀಯೇನೇ?"

"ಹ್ಞೂಂ ಅತ್ತೆ... ಬೆಳ್ಳಗೆ ಕಂಡ ದಿನ."

ಅಮ್ಮ ಆ ತಲೆಯನ್ನು ಎದೆಗೊತ್ತಿಕೊಂಡರು. ನಡುವೆ ಕೆಮ್ಮು ಬಂತು. ಆದರೂ ಬಿಡಲಿಲ್ಲ.