ಮಾವನ ಗರಗಸ, ಅಳಿಯನ ಮರ್ಯಾದೆ

ಪೆಟ್ರೋಲ್ ಗರಗಸ ಚಾಲೂ ಮಾಡಲೆಂದು ಹಗ್ಗ ಎಳೆದ ರಭಸಕ್ಕೆ ನಾನು ಹಿಂದಕ್ಕೆ ಹೋಗಿ ಕುಳಿತದ್ದು ಪಕ್ಕದ ಮನೆಯ ಜೋಹರಾಬಿ ಒಣಹಾಕಿದ್ದ ಕೆಂಪು ಮೆಣಸಿನಕಾಯಿಯ ಮೇಲೆ. ಕಿತ್ತುಬಂದ ಹಗ್ಗ ಕೈಯಲ್ಲೇ ಇತ್ತು. ಗರಗಸ ಮಾತ್ರ ಬೇವಿನ ಗಿಡದ ಬುಡದಲ್ಲಿ ತಣ್ಣಗೆ ಮಲಗಿತ್ತು.

"ಖಾರ ಕುಟ್ಟಸಾಕ ಗಿರಣಿಗೆ ಹೋಗೂದಿತ್ತು. ನೀವು ಇಲ್ಲೇ ಮುಗಿಸಿಕೊಟ್ರಲ್ಲ ಅಣ್ಣಾರ," ಎಂದಳು ಜೋಹರಾಬಿ. (ಮುಂದಿನ ಒಂದು ತಾಸು ನಾನು ಎಲ್ಲಿ, ಹೇಗೆ ಕುಳಿತಿದ್ದೆ ಎಂಬುದು ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ.)

ಗರಗಸ ನನ್ನದಲ್ಲ, ಮಾವನವರದು. ತಮ್ಮೂರು ಮರಳಿಯಲ್ಲಿ ಗದ್ದೆಯ ಬದುವಿನ ಜಾಲಿ ಕಡಿಯಲು ಅವರು ಕೊಂಡ ಪುಟ್ಟ ಯಂತ್ರ. ನಮ್ಮ ಯಲಬುರ್ಗಾ ಮನೆಯ ತಗಡಿಗೆ ಉಜ್ಜುತ್ತಿದ್ದ ಬೇವಿನ ಟೊಂಗೆಗೆ ಬೇಕೆಂದಾಗ ಹುಲಗಪ್ಪ ಮಾವ ತುಟಿಪಿಟಕ್ಕೆನ್ನದೆ ಕೊಟ್ಟಿದ್ದರು. ಅಳಿಯ ಕೇಳಿದ್ದಕ್ಕೆ ಇಲ್ಲ ಎನ್ನಬಾರದು, ಅಳಿಯ ಮಾಡಿದ್ದನ್ನು ತಪ್ಪು ಎನ್ನಬಾರದು. ಇದು ಅವರ ಮನೆತನದ ಸಂವಿಧಾನ. ಸಂಜೆ ಅದನ್ನು ಒಯ್ಯಲು ಅವರು ಬರುವವರಿದ್ದರು. 'ನಮ್ಮ ಅಳಿಯಾರು ಶ್ಯಾಣ್ಯಾರು' ಎಂಬ ಭ್ರಮೆಯೊಂದು ಆ ಮನೆಯಲ್ಲಿ ಇನ್ನೂ ಉಳಿದಿತ್ತು. ಸಂಜೆಯೊಳಗೆ ಗರಗಸ ಸರಿಮಾಡಿ ಆ ಭ್ರಮೆಯನ್ನು ಕಾಪಾಡಿಕೊಳ್ಳಬೇಕಿತ್ತು.

"ರಿಪೇರಿ ಅಂಗಡಿಗೆ ಒಯ್ರಿ," ಎಂದಳು ಧರ್ಮಪತ್ನಿ ಸುನಿತಾ.

"ಇದೇನ ಮಹಾ! ಇಡೀ ಆಯುಷ್ಯ ಕಚೇರ್ಯಾಗ ಫೈಲು ಬಿಚ್ಚಿ ಕಟ್ಟೀನಿ."

"ಬಿಚ್ಚೂದು ಎಲ್ಲಾರಿಗೂ ಗೊತ್ತೈತಿ. ಕಟ್ಟಿದ್ದು ಯಾರೂ ನೋಡಿಲ್ಲ."

ಮೊಬೈಲಿನಲ್ಲಿ ವಿಡಿಯೋ ನೋಡಿ, ಸ್ಕ್ರೂಡ್ರೈವರ್ ಹಿಡಿದು ಅಂಗಳದಲ್ಲಿ ಮಂಡಿಯೂರಿದೆ (ಬೇರೆ ಆಸನ ಸಾಧ್ಯವಿರಲಿಲ್ಲ). ಮುಚ್ಚಳ, ಪ್ಲಗ್, ಕಾರ್ಬೊರೇಟರ್ ಒಂದೊಂದೇ ಶರಣಾದವು. ಹಗ್ಗದ ಡಬ್ಬಿ ಬಿಚ್ಚಿದ್ದೇ ತಡ, ಒಳಗೆ ಸುರುಳಿ ಸುತ್ತಿದ್ದ ಸ್ಪ್ರಿಂಗು ನಾಗರಹಾವಿನಂತೆ ಸರ್ರನೆ ಎದ್ದು ತುಳಸಿಕಟ್ಟೆ ಸೇರಿತು. ಎದೆಗುಂದದೆ ಅದನ್ನು ಹೆಕ್ಕಿ ತಂದೆ. ಶಾವಿಗೆ ಒಣಗಿಸುವ ಹಳೆ ಸೀರೆ ಹಾಸಿ, ಎಲ್ಲವನ್ನೂ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟೆ. ಕೊನೆಯಿಂದ ಹಿಂದಕ್ಕೆ ಜೋಡಿಸುತ್ತ ಬಂದರಾಯಿತು! ನನ್ನ ಬುದ್ಧಿಗೆ ನಾನೇ ತಲೆದೂಗಿ ಊಟಕ್ಕೆ ಎದ್ದೆ. ಉಂಡ ಮೇಲೆ ಕಣ್ಣು ತಾನಾಗಿಯೇ ಮುಚ್ಚಿತು.

ಎದ್ದು ಬಂದರೆ ಅಂಗಳವೆಲ್ಲ ಫಳಫಳ. ಪಿಸ್ಟನ್ನು ಬೆಳ್ಳಿಯ ಲೋಟದಂತೆ ಹೊಳೆಯುತ್ತಿತ್ತು.

"ಏನ ಮಾಡಿದಿ ನಮ್ಮವ್ವಾ!"

"ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕೀನ್ರಿ. ಅಪ್ಪ ಬರ್ತಾನ. ಅವನ ಸಾಮಾನ ಹಂಗ ಹೊಲಸ ಕೊಡಾಕ ಬರತೈತೇನು?"

"ಸಾಲಾಗಿ ಇಟ್ಟಿದ್ನಲ್ಲ!"

"ನಾನೂ ಸಾಲಾಗೇ ಇಟ್ಟೀನಿ. ದೊಡ್ಡವು ಹಿಂದ, ಸಣ್ಣವು ಮುಂದ."

ಅಡುಗೆಮನೆಯಲ್ಲಿ ತಂಬಿಗೆ ಜೋಡಿಸಿದ ಹಾಗೆ! ಸ್ಕ್ರೂಗಳೆಲ್ಲ ಸಾಸಿವೆ ಡಬ್ಬಿಯಲ್ಲಿ ಜಾತಿಭೇದ ಮರೆತು ಒಟ್ಟಿಗೆ ಸಂಸಾರ ಹೂಡಿದ್ದವು.

ನನ್ನ ಮುಖ ನೋಡಿ ಅವಳಿಗೂ ಕರುಳು ಚುರ್ರೆಂದಿತೇನೋ, ಎದುರಿಗೆ ಬಂದು ಕುಳಿತಳು. "ಇದು ಇಲ್ಲೇ ಕೂಡ್ತೈತಿ." "ಅಲ್ಲಲ್ಲ, ತಿರುವಿ ಹಿಡಿ." "ನಿಮ್ಮ ತಲಿ ಮೊದಲ ತಿರುವ್ರಿ." ಅಂತೂ ಹೊತ್ತು ಇಳಿಯುವಷ್ಟರಲ್ಲಿ ಕಿತ್ತ ಹಗ್ಗಕ್ಕೂ ಗಂಟು ಹಾಕಿ ಯಂತ್ರಕ್ಕೆ ಯಂತ್ರದ ರೂಪ ಕೊಟ್ಟೆವು. ಸೀರೆಯ ಮೇಲೆ ಮಾತ್ರ ಆ ಸ್ಪ್ರಿಂಗೂ ಸೇರಿದಂತೆ ಒಂದು ಬೊಗಸೆ ಸಾಮಾನು ಉಳಿದಿತ್ತು.

"ಇವು?" ಎಂದಳು ಸುನಿತಾ.

"ಹೆಚ್ಚಿಗಿ ಕೊಟ್ಟಿರ್ತಾರ. ಹೊಸ ಅಂಗಿಗೆ ಒಂದು ಗುಂಡಿ ಜಾಸ್ತಿ ಹಚ್ಚಿರೂದಿಲ್ಲೇನು?"

ಅಷ್ಟರಲ್ಲಿ ಬಾಗಿಲಲ್ಲಿ ಮಾವನವರ ಕೆಮ್ಮು. ಸುನಿತಾ ಮಿಂಚಿನಂತೆ ಆ ಬೊಗಸೆಯನ್ನೆಲ್ಲ ಸೆರಗಿಗೆ ಕಟ್ಟಿಕೊಂಡಳು. (ಸಪ್ತಪದಿಯ ನಿಜವಾದ ಅರ್ಥ ನನಗೆ ಹೊಳೆದದ್ದು ಆಗಲೇ.)

ಮಾವ ಚಹಾ ಕುಡಿದು, ಗರಗಸ ಕೈಗೆತ್ತಿಕೊಂಡು ಹಗ್ಗ ಎಳೆದರು. ಹಗ್ಗ ಉದ್ದಕ್ಕೆ ಹೊರಬಂತು, ಒಳಗೆ ಹೋಗಲಿಲ್ಲ. ಯಂತ್ರ ಉಸಿರೆತ್ತಲಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಮಗಳ ಸೆರಗಿನ ಗಂಟನ್ನೊಮ್ಮೆ ನೋಡಿದರು. ಬೈದಿದ್ದರಾದರೂ ಸಮಾಧಾನವಾಗುತ್ತಿತ್ತು. ತಾಳಲಾರದೆ ನಾನೇ ಬಾಯಿಬಿಟ್ಟೆ:

"ಪೂರಾ ಬಿಚ್ಚಿ ಜೋಡಿಸೀನ್ರಿ ಮಾವಾರ. ಮೊದಲಿನಕಿಂತ ಈಗ ಹೆಂಗ ಅನಸ್ತೈತ್ರಿ?"

ಮಾವ ಗರಗಸವನ್ನು ಒಂದೇ ಕೈಯಲ್ಲಿ ಎತ್ತಿ ತೂಗಿ ನೋಡಿದರು.

"ಭಾಳ ಹಗೂರ ಆಗೇತ್ರಿ, ಅಳಿಯಾರ."