ತುರಿಮಣೆಯ ಮೇಲೆ ಕುದುರೆ ಸವಾರಿ

ಮನುಷ್ಯನಿಗೆ ಕೂರಲು ಬರುತ್ತದೆ ಎನ್ನುವುದು ನಾವೆಲ್ಲ ಪರೀಕ್ಷಿಸದೆ ನಂಬಿಕೊಂಡಿರುವ ಸಂಗತಿಗಳಲ್ಲಿ ಒಂದು. ನನಗಂತೂ ಆ ವಿಷಯದಲ್ಲಿ ಸ್ವಲ್ಪ ಗರ್ವವೇ ಇತ್ತು. ಭಟ್ಕಳದ ಕಚೇರಿಯಲ್ಲಿ ಕಾರಕೂನನಾಗಿ ಹನ್ನೊಂದು ವರ್ಷ ಒಂದೇ ಕುರ್ಚಿಯಲ್ಲಿ ಕೂತವನು ನಾನು. ಕುರ್ಚಿಯ ಬೆತ್ತ ಎರಡು ಸಲ ಹರಿದರೂ ನಾನು ಅಲುಗಿರಲಿಲ್ಲ. ಅಂಥವನಿಗೆ ನಡುವಯಸ್ಸಿನಲ್ಲಿ, ಕೂರಲು ಬರುವುದಿಲ್ಲ ಎಂದು ಟಾಂಗಾದವರೊಬ್ಬರು ಹೇಳಬೇಕಾಯಿತು.

ಆದದ್ದು ಇಷ್ಟು. ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿ ಎರಡು ವರ್ಷವಾಗಿದ್ದರೂ ಮುಂಬಯಿಯ ಹಳೆಯ ನಿಯಮಗಳು ನಮ್ಮನ್ನು ಬಿಟ್ಟಿರಲಿಲ್ಲ. ಮೇಲಿನ ಹುದ್ದೆ ಬೇಕಾದವನು ಕುದುರೆ ಸವಾರಿಯ ಪರೀಕ್ಷೆ ಮುಗಿಸಬೇಕು ಎನ್ನುವುದು ಅವುಗಳಲ್ಲೊಂದು. ಪರೀಕ್ಷೆ ಕುಮಟೆಯಲ್ಲಿ, ಮೂರು ತಿಂಗಳ ಗಡುವು. ತಪ್ಪಿದರೆ ಹುದ್ದೆ ನಿನ್ನೆ ಮೊನ್ನೆ ಬಂದ ಹುಡುಗನೊಬ್ಬನಿಗೆ ಹೋಗುತ್ತಿತ್ತು, ಅವನ ಕೈಕೆಳಗೆ ನಾನು ಅದೇ ಹರಿದ ಬೆತ್ತದ ಮೇಲೆ ನಿವೃತ್ತನಾಗಬೇಕಿತ್ತು. ಆ ಯೋಚನೆ ಬಂದಾಗ ಊಟ ಸೇರುತ್ತಿರಲಿಲ್ಲ.

ಹುಸೇನ್ ಸಾಬರು ಮುಂಬಯಿಯ ಕುದುರೆ ಲಾಯದಲ್ಲಿ ಹತ್ತು ವರ್ಷ ದುಡಿದು ಊರಿಗೆ ಬಂದು ಟಾಂಗಾ ಇಟ್ಟವರು. ಅವರ ಮೋತಿ ಎಂಬ ಕುದುರೆಯ ಮೇಲೆ, ಸಮುದ್ರದಂಡೆಯ ಮರಳಿನಲ್ಲಿ, ನನ್ನ ಪಾಠ ಬೆಳಿಗ್ಗೆ ಬೆಳಿಗ್ಗೆ ಶುರುವಾಯಿತು. ನಡಿಗೆಯಲ್ಲಿ ನಾನು ಹೇಗೋ ನಿಭಾಯಿಸುತ್ತಿದ್ದೆ. ಸಣ್ಣ ಓಟದಲ್ಲಿ ಹಲ್ಲು ಕಚ್ಚಿಕೊಂಡರೆ ಸಾಕಾಗುತ್ತಿತ್ತು. ತೊಂದರೆ ಇದ್ದದ್ದು ಅದರ ಮೇಲಿನದರಲ್ಲಿ. ಅದಕ್ಕೆ ಕ್ಯಾಂಟರ್ ಎನ್ನುತ್ತಾರೆ. ಪೂರ್ತಿ ನಾಗಾಲೋಟವಲ್ಲ, ಆದರೆ ಕುದುರೆ ಅಲೆಯಂತೆ ಎದ್ದು ಬಿದ್ದು ಮುಂದಕ್ಕೆ ಹೋಗುತ್ತದೆ. ಅದು ಏಳುವಾಗ ನಾನು ಬೀಳುತ್ತಿದ್ದೆ, ಬೀಳುವಾಗ ಏಳುತ್ತಿದ್ದೆ. ನಡುವೆ ಎಲ್ಲೋ ಒಂದು ಕಡೆ ನಾನೂ ಕುದುರೆಯ ಬೆನ್ನ ಮೇಲಿನ ತಡಿಯೂ ಎದುರಾಗುತ್ತಿದ್ದೆವು. ಆ ಭೇಟಿಯ ನೋವನ್ನು ಇಲ್ಲಿ ಬರೆಯುವುದು ಸಭ್ಯವಲ್ಲ. ಆ ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಕಚೇರಿಯಲ್ಲಿ ನಿಂತು ಕೆಲಸ ಮಾಡಿದೆ.

ನಾನು ಹಿಡಿಯುವುದರಲ್ಲಿ ಮಾತ್ರ ಗಟ್ಟಿ. ಮೊಣಕಾಲಿನಿಂದ ಕುದುರೆಯ ಹೊಟ್ಟೆ ಹಿಡಿಯುತ್ತಿದ್ದೆ, ಕೈಯಿಂದ ಲಗಾಮು, ಅದೂ ಸಾಲದೆ ಕತ್ತಿನ ಜೂಲು. ಕಣ್ಣು ಕುದುರೆಯ ಕಿವಿಯ ಮೇಲೆ. ಒಂದು ದಿನ ಹುಸೇನ್ ಸಾಬರು ಬೀಡಿ ಆರಿಸಿ ಹೇಳಿದರು: “ರಾಯ್ರೆ, ನೀವು ಕುದುರೆ ಮೇಲೆ ಕೂರುದಿಲ್ಲ, ಕುದುರೆಗೆ ನೇತಾಡ್ತ್ರಿ.”

ಹಾಗಾದರೆ ಕೂರುವುದು ಹೇಗೆಂದು ಕೇಳಿದರೆ ಅವರಿಗೆ ಹೇಳಲು ಬರಲಿಲ್ಲ. ಸೊಂಟ ಬಿಡಿ ಎಂದರು, ಬೆನ್ನು ಬಿಡಬೇಡಿ ಎಂದರು, ಉಳಿದದ್ದನ್ನು ಉರ್ದುವಿನಲ್ಲಿ ಮೋತಿಗೆ ಹೇಳಿದರು. ನಾನು ಮೂರನೆಯ ಸಲ ಬಿದ್ದ ದಿನ, ಕೈ ಕಾಲು ಮುರಿದರೆ ತಮ್ಮ ತಲೆಗೆ ಬರಬಾರದೆಂದು, ಪಾಠ ಇಲ್ಲಿಗೆ ಸಾಕು ಎನ್ನಲು ನಮ್ಮ ಮನೆಗೇ ಬಂದರು. ಹಿಂಬಾಗಿಲ ಜಗಲಿಯಲ್ಲಿ ನನ್ನ ಹೆಂಡತಿ ಗಿರಿಜೆ ತುರಿಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದಳು. ಸಾಬರು ಹೇಳಬಂದದ್ದನ್ನು ಅಲ್ಲಿಗೇ ಬಿಟ್ಟು ಅವಳನ್ನು ತೋರಿಸಿದರು. “ಅಮ್ಮ ಕೂತದ್ದು ನೋಡಿ. ಇದೇ ನಾ ಹೇಳುದು.”

ನಾನು ನೋಡಿದೆ. ಮದುವೆಯಾದಂದಿನಿಂದ ದಿನವೂ ನಡೆಯುತ್ತಿದ್ದದ್ದನ್ನು ಅವತ್ತೇ ಮೊದಲು ನೋಡಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಮೈಭಾರವೆಲ್ಲ ಮಣೆಯ ಮೇಲಿತ್ತು, ಇಲ್ಲದಿದ್ದರೆ ಮಣೆ ಮುಂದಕ್ಕೆ ಮುಗ್ಗರಿಸುತ್ತದೆ. ಸೊಂಟ ಮಾತ್ರ ಮುಂದೆ ಹಿಂದೆ ತೂಗುತ್ತಿತ್ತು. ಬೆನ್ನು ನೆಟ್ಟಗೆ, ಕೈ ಹಗುರ, ಕಣ್ಣು ಬೇಲಿಯಾಚೆ ಎಲ್ಲೋ. ಇದನ್ನು ಹೇಗೆ ಕಲಿತೆ ಎಂದು ಕೇಳಿದೆ.

“ಕಲಿಯುಕೆ ಎಂತ ಇದೆ? ಕಾಯಿ ತುರಿವಾಗ ಕಾಯಿ ಬಗ್ಗೆ ಯೋಚನೆ ಮಾಡಿದ್ರೆ ಕೈ ಕುಯ್ತದೆ. ಹುಳಿ ಬಗ್ಗೆ ಯೋಚನೆ ಮಾಡ್ಬೇಕು” ಎಂದಳು.

ಅಂದಿನಿಂದ ನನ್ನ ಅಭ್ಯಾಸ ತುರಿಮಣೆಯ ಮೇಲೆ. ಮೊದಲ ವಾರ ಮಣೆ ನನ್ನನ್ನು ನಾಲ್ಕು ಸಲ ಮೂಗಿನ ಮೇಲೆ ಕೆಡವಿತು. ಕೈಯನ್ನೂ ಕುಯ್ದುಕೊಂಡೆ. ಮನೆಯಲ್ಲಿ ಕಾಯಿ ಹಾಕದ ಅಡುಗೆಯೇ ಇರಲಿಲ್ಲ. ಪಕ್ಕದ ಮನೆಯವರು ಯಾರಿಗೆ ಬಯಕೆಯೆಂದು ವಿಚಾರಿಸಿಕೊಂಡು ಹೋದರು. ಎರಡನೆಯ ತಿಂಗಳಿಗೆ ಮಣೆ ಅಲುಗುವುದು ನಿಂತಿತು. ಮರಳಿನ ಮೇಲೆ ಮೋತಿ ಎದ್ದಾಗ ನಾನೂ ಎದ್ದೆ, ಇಳಿದಾಗ ಇಳಿದೆ. ಕುಮಟೆಯಲ್ಲಿ ಪರೀಕ್ಷೆ ಮಾಡಿದ ಸಾಹೇಬರು ನನ್ನನ್ನು ಪಾಸು ಮಾಡಿ, ಓಡುವಾಗ ಎರಡೂ ಕೈ ಏನನ್ನೋ ಹಿಡಿದು ತಿರುಗಿಸಿದಂತೆ ಆಡುತ್ತಿದ್ದವಲ್ಲ, ಅದೇನೆಂದು ವಿಚಾರಿಸಿದರು. ನಮ್ಮ ಕಡೆಯ ಪದ್ಧತಿ ಎಂದೆ.

ಮರುದಿನ ಹುಸೇನ್ ಸಾಬರು ಮೋತಿಯನ್ನು ಹಿತ್ತಿಲಿಗೆ ತಂದರು. ಅಮ್ಮನೂ ಒಂದು ಸಲ ಕೂರಲಿ, ಇಲ್ಲಿ ಯಾರು ನೋಡುತ್ತಾರೆ ಎಂದರು. ಗಿರಿಜೆ ಸೆರಗಿಗೆ ಕೈ ಒರೆಸಿಕೊಂಡು ಒಂದು ಮೆಟ್ಟಿಲು ಇಳಿದಳು. ನಾನು ನಕ್ಕುಬಿಟ್ಟೆ. ಹುದ್ದೆಯ ಅಮಲಿನಲ್ಲಿದ್ದೆ, ಇನ್ನು ಮೇಲೆ ನಮ್ಮ ಮನೆಗೊಂದು ಮರ್ಯಾದೆ ಇದೆ, ಊರವರು ಏನೆಂದಾರು ಎಂದೆ. ಅವಳು ಮೋತಿಯ ಹಣೆ ಸವರಿ, ಒಂದು ಚೂರು ಬೆಲ್ಲ ತಿನ್ನಿಸಿ ಒಳಗೆ ಹೋದಳು. ಮೋತಿ ಅವಳ ಹಿಂದೆಯೇ ಎರಡು ಹೆಜ್ಜೆ ಹೋದದ್ದನ್ನು ನೋಡಿಯೂ ನನಗೆ ಏನೂ ಹೊಳೆಯಲಿಲ್ಲ.

ಆರು ತಿಂಗಳಿಗೆ ಕಚೇರಿಗೆ ಜೀಪು ಬಂತು, ನಾನು ಮತ್ತೆ ಕುದುರೆ ಹತ್ತಲಿಲ್ಲ. ತುರಿಮಣೆಯಿಂದ ಮಾತ್ರ ಇಳಿಯಲಾಗಲಿಲ್ಲ. ಕಾಯಿ ತುರಿಯುವುದು ಈಗಲೂ ನನ್ನದೇ ಕೆಲಸ. ಅವತ್ತು ನಕ್ಕದ್ದು ಈ ಕೆಲ ವರ್ಷಗಳಿಂದ ನನ್ನನ್ನು ಚುಚ್ಚುತ್ತಿತ್ತು. ಮೊನ್ನೆ ಮಣೆಯ ಮೇಲೆ ಕೂತಿದ್ದಾಗ ಧೈರ್ಯ ಮಾಡಿ, ಆ ದಿನ ನಿನ್ನನ್ನು ಕುದುರೆ ಹತ್ತಲು ಬಿಡಬೇಕಿತ್ತು, ತಪ್ಪಾಯಿತು ಎಂದೆ.

“ನಾನು ಅದಕ್ಕಿಂತ ಮೊದ್ಲೇ ಹತ್ತಿ ಆಗಿತ್ತು” ಎಂದಳು ಗಿರಿಜೆ. ನಾನು ಕಚೇರಿಗೆ ಹೋದ ಮೇಲೆ, ಸಾಬರ ಮನೆಯ ತೆಂಗಿನ ಹಿತ್ತಿಲಲ್ಲಿ, ಸಾಬರ ಹೆಂಡತಿಯನ್ನು ಕಾವಲಿಗಿಟ್ಟುಕೊಂಡು. ಒಂದಲ್ಲ, ಐದಾರು ಸಲ. ಓಡಿಸಿಯೂ ಇದ್ದಳಂತೆ.

ಬೀಳಲಿಲ್ಲವೇ ಎಂದು ಕೇಳಿದೆ.

“ಯಾಕೆ ಬೀಳುದು? ಹುಳಿ ಬಗ್ಗೆ ಯೋಚನೆ ಮಾಡ್ತಿದ್ದೆ.”

ನಾನು ಕೈಯಲ್ಲಿದ್ದ ಕಾಯಿ ಕಡಿಯನ್ನು ತಿರುಗಿಸಿ ತುರಿಯತೊಡಗಿದೆ. ಎಷ್ಟೋ ವರ್ಷಗಳ ಮೇಲೆ ಮಣೆ ಮತ್ತೆ ಮುಂದಕ್ಕೆ ಮುಗ್ಗರಿಸಿತು.