ಬಾಗಿಲಲ್ಲಿ ಮಾವ, ಡಬ್ಬಿಯಲ್ಲಿ ಲಿವರ್

ನಮ್ಮ ಸೋದರಮಾವನ ಎದುರು ಕಣ್ಣು ಬಿಡುವುದೇ ಅಪಾಯ! ಬಿ.ಜಿ. ಕೆರೆ ಕಡೆ ಜೀವಶಾಸ್ತ್ರ ಕಲಿಸಿ, ನಿವೃತ್ತರಾಗಿ ಚಳ್ಳಕೆರೆಯಲ್ಲಿ ನೆಲೆಸಿದ ಈ ಮಹಾನುಭಾವರು ಸಿಕ್ಕವರ ಕೆಳರೆಪ್ಪೆ ಜಗ್ಗಿ ನೋಡಿ, "ಕುರಿ ಲಿವರ್ ತಿನ್ನಲೇ, ವಿಟಮಿನ್ ಎ ಐತೆ" ಎನ್ನುತ್ತಿದ್ದರು. ಒಂದು ಮದುವೆಯಲ್ಲಿ ಮದುಮಗನ ರೆಪ್ಪೆಯನ್ನೂ ಜಗ್ಗಿದರು. ಫೋಟೊದಲ್ಲಿ ಆತ ಇಂದಿಗೂ ಒಕ್ಕಣ್ಣ!

ಇಂಥವರ ಹೆಂಡತಿಗೆ, ನಮ್ಮತ್ತೆಗೆ, ರಕ್ತದ ಕ್ಯಾನ್ಸರ್ ಬಂತು. ಮೈಮೇಲೆಲ್ಲ ನೀಲಿ ಕಲೆ, ಹಲ್ಲುಜ್ಜಿದರೆ ರಕ್ತ. ದಾವಣಗೆರೆಯ ಡಾಕ್ಟರು ಕೊಟ್ಟದ್ದು ವಿಟಮಿನ್ ಎ ವಂಶದ ಒಂದು ಆಮ್ಲದ ಮಾತ್ರೆ. ಮಾವನಿಗೆ ದುಃಖವಾಗಲಿಲ್ಲವೇ? ಆಯಿತು. ಆದರೆ ಅವರಿಗೆ ದುಃಖವೂ ಪಾಠವಾಗಿಯೇ ಬರುತ್ತದೆ, ಏನು ಮಾಡುವುದು?

ಅತ್ತೆಯನ್ನು ನೋಡಲು ಬಂದ ಹಟ್ಟಿಯ ನೆಂಟರನ್ನು ಜಗುಲಿಯಲ್ಲಿ ಕೂರಿಸಿಕೊಂಡರು. "ಜೀವಕೋಶದ ನಡುಮನೇಲಿ ಜೀನ್ ಅದಾವೆ. ಅದರ ಮೇಲೆ ರಿಸೆಪ್ಟರ್ ಅಂತ ಒಬ್ಬ ಕಾವಲುಗಾರ, ಜೊತೆಗಾರನ್ನ ಕಟ್ಕೊಂಡು ಕುಂತಿರ್ತಾನೆ. ವಿಟಮಿನ್ ಎ ಆಮ್ಲ ಬಂದು ಅವನ್ನ ಹಿಡ್ಕೊಂಡ್ರೆ ಜೀನ್ ಬಾಯಿ ಬಿಡುತ್ತೆ, ಎಳೇ ರಕ್ತಕಣ ಬಲಿಯುತ್ತೆ. ಇವಳ ಕಾವಲುಗಾರ ಮುರಿದು ಇನ್ಯಾವನಿಗೋ ಅಂಟ್ಕೊಂಡವ್ನೆ, ಅಷ್ಟಿಷ್ಟು ಆಮ್ಲಕ್ಕೆ ಜಗ್ಗಲ್ಲ. ಕಣ ಬಲಿಯಲ್ಲ, ಸಾಯಲ್ಲ, ಸುಮ್ನೆ ಹೆಚ್ಚುತ್ತೆ. ಅದಕ್ಕೇ ಈ ಮಾತ್ರೆ."

"ಸಾಯದೇ ಇರೋದೇ ರೋಗಾನಾ ಮೇಷ್ಟ್ರೇ? ನಂಗೂ ಬಂದೈತೇನೋ ನೋಡ್ರಿ!" ಎಂದ ಒಬ್ಬ ಮುದುಕ, ಬಹಳ ಆಸೆಯಿಂದ.

ಅಷ್ಟು ಪಾಠದಲ್ಲಿ ನೆಂಟರ ತಲೆಗೆ ಹೊಕ್ಕಿದ್ದು ವಿಟಮಿನ್ ಎ ಮಾತ್ರ. ಹಾಗಾದರೆ ಲಿವರ್ ತಾನೇ? ಮಾವನೇ ಕಲಿಸಿದ್ದಲ್ಲವೇ! ಕುದಾಪುರದ ಕಡೆಯಿಂದ, ನಾಯಕನಹಟ್ಟಿ ಬಸ್ಸಿನಿಂದ, ಕುರಿ ಕೊಯ್ದವರೆಲ್ಲ ಸ್ಟೀಲ್ ಡಬ್ಬಿ ಹೊತ್ತು ಬಂದರು. ಆದರೆ ಆ ಮಾತ್ರೆಯ ಜೊತೆ ಲಿವರ್ ತಿಂದರೆ ವಿಟಮಿನ್ ಎ ಮಿತಿಮೀರಿ ಜೀವಕ್ಕೇ ಕುತ್ತಂತೆ. ಮಾವ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು, ಡಬ್ಬಿ ಮೂಸಿ ಮೂಸಿ ಒಳಗೆ ಬಿಡತೊಡಗಿದರು. ಸ್ವಂತ ತಂಗಿಯನ್ನೂ, ಅಂದರೆ ನಮ್ಮವ್ವನನ್ನೂ ಬಿಡಲಿಲ್ಲ.

"ಅಣ್ಣಾ, ಬರೀ ಬೇಳೆಸಾರು ಐತೆ."

"ಮುಚ್ಚಳ ತೆಗಿ!"

ಅತ್ತೆಗೋ ಲಿವರ್ ಎಂದರೆ ಪ್ರಾಣ. ವಾಸನೆ ಒಳಗೆ ಹೋಗದಿರುತ್ತದೆಯೇ? "ಒಂದೇ ಚೂರು ಕೊಡ್ರೀ, ಬಾಯಿ ಕೆಟ್ಟೈತೆ" ಎಂದು ಮಲಗಿದ್ದಲ್ಲಿಂದಲೇ ಕೂಗುತ್ತಿದ್ದರು. "ಮಾತ್ರೆ ಮುಗೀಲಿ, ಇಡೀ ಕುರಿನೇ ತರ್ತೀನಿ" ಎಂದು ಮಾವ ಕುರ್ಚಿಯಿಂದಲೇ ಉತ್ತರಿಸುತ್ತಿದ್ದರು.

ಒಮ್ಮೆ ರಕ್ತ ಸರಿಹೋಯಿತು, ಹಿಗ್ಗಿದೆವು. ಮಾತ್ರೆ ಮುಗಿಯುವ ಮೊದಲೇ ಮತ್ತೆ ಕೆಟ್ಟಿತು. "ರಿಸೆಪ್ಟರ್ ರೂಪ ಬದಲಾಯಿಸೈತೆ. ಆಮ್ಲ ಈಗ ಹಿಡಿಯಲ್ಲ" ಎಂದರು ಮಾವ. ಪಾಠ ಅಷ್ಟೇ. ಕೆಲವೇ ದಿನಗಳಲ್ಲಿ ತಲೆಯೊಳಗೆ ರಕ್ತ ಒಸರಿ ಅತ್ತೆ ತೀರಿಕೊಂಡರು. ನನಗೆ ಮಾವನ ಮೇಲೆ ವಿಪರೀತ ಸಿಟ್ಟು ಬಂತು. ಅವರ ತಪ್ಪೇನೂ ಇರಲಿಲ್ಲ, ಆದರೂ ಬಂತು.

ತಿಥಿಯ ದಿನ ಸತ್ತವರಿಗೆ ಇಷ್ಟವಾದದ್ದನ್ನು ಎಡೆ ಇಡುವುದು ನಮ್ಮಲ್ಲಿ ಪದ್ಧತಿ. ಅಂದು ಮಾವ ಯಾರನ್ನೂ ಒಲೆಯ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಜನ್ಮದಲ್ಲಿ ಟೀ ಕಾಸದವರು ಲಿವರ್ ಹುರಿದರು. ಅರ್ಧ ಸೀದಿತ್ತು. ಸೀದದ್ದನ್ನು ತೆಗೆದು, ಮಿಕ್ಕದ್ದನ್ನು ಹಲ್ಲಿಲ್ಲದವರಿಗೆ ಕೊಡುವಂತೆ ಸಣ್ಣಗೆ ಚಿವುಟಿ, ಅತ್ತೆಯ ಎಲೆಗೆ ಅಷ್ಟನ್ನೂ ಬಡಿಸಿದರು.

"ತಿನ್ನೇ" ಎಂದರು. "ಇನ್ನೇನೂ ಆಗಲ್ಲ."